ಕೋಟಿ ಚೆನ್ನಯರ ಪಾಡ್ದನ: ಹಾಡಿನ ಹಿಂದಿನ ಬಾಳು

ತುಳುನಾಡಿನಲ್ಲಿ ಕೋಟಿ ಚೆನ್ನಯರ ಪಾಡ್ದನವನ್ನು ಕೇಳದ ಮನೆ ಅಪೂರ್ವ. ನೇಜಿ ನೆಡುವ ಹೆಂಗಸರ ಬಾಯಲ್ಲಿಯೂ ಗರಡಿಗಳ ನೇಮದ ಇರುಳಿನಲ್ಲಿಯೂ ಅದು ತಲೆಮಾರುಗಳಿಂದ ಬಾಳಿ ಬಂದಿದೆ. ಈ ಕಥೆ ನಿಜವಾಗಿ ನಡೆದುದೇ ಎಂಬ ಪ್ರಶ್ನೆ ಹುಟ್ಟಿದಾಗಲೆಲ್ಲ ವಿಚಾರವು ಕಾಲನಿರ್ಣಯದ ಕಡೆಗೆ ಹೊರಳುವುದುಂಟು. ಅವಳಿ ವೀರರು ಹದಿನಾರನೆಯ ಶತಮಾನದ ಸುಮಾರಿಗೆ ಇದ್ದರೆಂದು ಹೇಳುವವರಿದ್ದಾರೆ. ಆದರೆ ಕಾಲವು ಗೊತ್ತಾದ ಮಾತ್ರಕ್ಕೆ ಹಾಡಿನ ಅರ್ಥವು ಗೊತ್ತಾದಂತಾಗದು.

ಪಾಡ್ದನವು ಇಸವಿಗಳನ್ನು ಎಣಿಸುವುದಿಲ್ಲ, ಊರುಗಳನ್ನು ಹೇಳುತ್ತದೆ. ಪಡುಮಲೆ, ಪಂಜ, ಎಣ್ಮೂರು ಇವು ಕವಿಕಲ್ಪಿತ ನಗರಗಳಲ್ಲ. ಇಂದು ಪುತ್ತೂರು, ಸುಳ್ಯ, ಕಡಬ ಎಂಬ ತಾಲ್ಲೂಕುಗಳಾಗಿ ಹಂಚಿಹೋಗಿರುವ ಸೀಮೆಯಲ್ಲಿ ಈ ಊರುಗಳು ಈಗಲೂ ಇವೆ. ಕಥೆಯಲ್ಲಿ ಇವು ಬೇರೆ ಬೇರೆ ಬಲ್ಲಾಳರ ಆಳಿಕೆಗೆ ಒಳಪಟ್ಟಿದ್ದವು. ಹಂದಿಯ ಬೇಟೆಯೊಂದು ಎಲ್ಲೆ ಮೀರಿದುದೇ ಎರಡು ಬೀಡುಗಳ ಕಲಹಕ್ಕೆ ಸಾಕಾಯಿತೆಂದರೆ, ಆ ಎಲ್ಲೆಗಳು ಎಷ್ಟು ಬಿಗಿಯಾಗಿದ್ದವೆಂಬುದನ್ನು ವಾಚಕರೇ ಊಹಿಸಬಹುದು.

ಕಥೆಯ ಬೇರು ಒಂದು ಮಾತಿನಲ್ಲಿದೆ. ಪಡುಮಲೆಯ ಪೆರುಮಾಳ ಬಲ್ಲಾಳನ ಕಾಲಿಗೆ ಮುಳ್ಳು ನಟ್ಟು ಹುಣ್ಣಾಯಿತು. ಮದ್ದನ್ನು ಬಲ್ಲ ದೇಯಿ ಬೈದೆತಿಯು ತುಂಬಿದ ಬಸುರಿಯಾಗಿದ್ದೂ ಬಂದು ವಾಸಿಮಾಡಿದಳು. ನೋವಿನಲ್ಲಿದ್ದ ಅರಸನು ಕೊಟ್ಟ ಮಾತು ನೋವು ಕಳೆದ ಮೇಲೆ ಉಳಿಯಲಿಲ್ಲ. ಅವಳು ಅವಳಿ ಮಕ್ಕಳನ್ನು ಹೆತ್ತು ತೀರಿಕೊಂಡಳು. ಬೆಳೆದ ಮಕ್ಕಳಿಗೆ ಮಲ್ಲಯ್ಯ ಬುದ್ಯಂತನೊಡನೆ ಗದ್ದೆಯ ನೀರಿಗಾಗಿ ಜಗಳವಾಯಿತು, ಅವನ ಕೊಲೆಯೂ ಆಯಿತು. ತಾಯಿಗೆ ಸಲ್ಲಬೇಕಾದುದನ್ನು ಅವರು ಕೇಳಿದಾಗ ಬಲ್ಲಾಳನು ಕೊಡಲೊಲ್ಲನು. ಪಡುಮಲೆಯನ್ನು ಬಿಟ್ಟು ಪಂಜಕ್ಕೆ, ಪಂಜದ ಸೆರೆಯಿಂದ ತಪ್ಪಿಸಿಕೊಂಡು ಎಣ್ಮೂರಿಗೆ, ಅಲ್ಲಿಂದ ಕಾಳಗಕ್ಕೆ. ಮುಂದಿನದೆಲ್ಲ ಆ ತಪ್ಪಿದ ಮಾತಿನ ಫಲವೇ. ಕೋಟಿ ಗಾಯಗೊಂಡು ಮಡಿದನು. ಅಣ್ಣನಿಲ್ಲದ ಬಾಳನ್ನು ಒಲ್ಲದೆ ಚೆನ್ನಯನೂ ಪ್ರಾಣ ಬಿಟ್ಟನು. ಇದನ್ನು ಬರಿಯ ಶೌರ್ಯದ ಕಥೆಯೆಂದು ತಿಳಿಯುವುದು ಅರೆತಿಳಿವು. ಇದು ಸಲ್ಲದೆ ಉಳಿದ ಋಣದ ಕಥೆ.

ದೇಯಿಯು ಹುಟ್ಟಿನಿಂದ ಬ್ರಾಹ್ಮಣ ಕನ್ಯೆ, ಕಣ್ಣಿಗೆ ಬಟ್ಟೆ ಕಟ್ಟಿ ಕಾಡಿನಲ್ಲಿ ಬಿಡಲ್ಪಟ್ಟವಳು, ಸಾಯಿನ ಬೈದ್ಯನು ಸಾಕಿದವಳು ಎಂದು ಹಾಡು ಹೇಳುವುದಷ್ಟೆ. ವೀರರಿಗೆ ಹಿರಿಮೆಯನ್ನು ತರಲು ಸೇರಿಸಿದ ಭಾಗವಿದೆಂದು ಕೆಲವರ ಸಂಶಯ. ಈ ಸಂಶಯವು ತಳ್ಳಿಹಾಕತಕ್ಕುದಲ್ಲ. ಆದರೆ ಒಂದು ಮಾತನ್ನು ಗಮನಿಸಬೇಕು: ಬಲ್ಲಾಳನ ಪ್ರಾಣ ಉಳಿದುದು ಅವಳ ಕುಲದಿಂದಲ್ಲ, ಬೈದ್ಯರ ಮನೆಯ ವಿದ್ಯೆಯಿಂದ. ಹುಟ್ಟಿದ ಮನೆ ಕಾಡಿಗೆ ಕಳುಹಿತು. ಸಾಕಿದ ಮನೆ ಮದ್ದನ್ನು ಕಲಿಸಿತು. ಹಿರಿಮೆ ಯಾವ ಮನೆಯದೆಂಬುದನ್ನು ಹಾಡು ತಾನಾಗಿಯೇ ತೀರ್ಮಾನಿಸಿದೆ.

ಬಾಯಿಂದ ಬಾಯಿಗೆ ಬಂದ ಈ ಸಾಹಿತ್ಯವು ಅಚ್ಚಿಗೆ ಬಂದುದು ತಡವಾಗಿ. ಬಾಸೆಲ್ ಮಿಷನಿನ ಮ್ಯಾನರರು 1886ರಲ್ಲಿ ಮಂಗಳೂರಿನಲ್ಲಿ ಪಾಡ್ದನಗಳನ್ನು ಅಚ್ಚು ಹಾಕಿಸಿದರು. ಬರ್ನೆಲರ ಸಂಗ್ರಹವು ಅವರು ಗತಿಸಿದ ಬಳಿಕ, 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಬೆಳಕು ಕಂಡಿತು. ಪಂಜೆ ಮಂಗೇಶರಾಯರ ‘ಕೋಟಿ ಚೆನ್ನಯ’ ಗದ್ಯಕಥೆಯು 1924ರಲ್ಲಿ ಹೊರಟು, ತುಳುವರಿಯದ ಕನ್ನಡಿಗರಿಗೂ ಈ ವೀರರನ್ನು ಪರಿಚಯಿಸಿತು. ಉಪಕಾರ ದೊಡ್ಡದು. ಆದರೂ ಹಾಡು ಗದ್ಯವಾದಾಗ ಒಂದು ನಷ್ಟವುಂಟು. ಗದ್ಯವು ಮುಂದೇನಾಯಿತೆಂದು ಓಡುತ್ತದೆ. ಹಾಡು ನಿಂತು, ಹೇಳಿದುದನ್ನೇ ಮತ್ತೆ ಹೇಳಿ, ನೋವನ್ನು ಆರಗೊಡುವುದಿಲ್ಲ.

ಅವಳಿ ವೀರರಿಗೆ ಅರುವತ್ತಾರು ಗರಡಿಗಳೆಂದು ಪ್ರತೀತಿ. ಬದುಕಿದ್ದಾಗ ಕೇಳಿದುದನ್ನು ಪಡೆಯದವರಿಗೆ ಸತ್ತಮೇಲೆ ನಾಡೆಲ್ಲ ಪೂಜೆ ದೊರೆಯಿತು. ಆದರೆ ಅವರ ಕಥೆಯನ್ನು ಬಹುಕಾಲ ಕಾದಿಟ್ಟವರಲ್ಲಿ ಪರರ ಗದ್ದೆಯ ಕೆಸರಿನಲ್ಲಿ ಬಾಗಿ ನಿಂತ ಹೆಂಗಸರೂ ಇದ್ದರು. ನೀರಿನ ಜಗಳವೂ ಕೊಡದೆ ಉಳಿದ ಕೂಲಿಯೂ ಏನೆಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.