ಕೋಲಿಗೆ ಅರಗು, ಬಾರಿಗೆ ಎಣ್ಣೆ

ಎರಡು ವರ್ಷದ ಹಿಂದೆ ಬಂಗಾರಪೇಟೆಯಲ್ಲಿ ಕೊಂಡ ಬಾರುಕೋಲೊಂದು ನನ್ನ ಬಳಿ ಇದೆ. ನಮ್ಮ ಕಡೆಯ ತೆಲುಗು ಮನೆಗಳಲ್ಲಿ ಇದನ್ನೇ ಚೆರ್ನಾಕೋಲ ಎನ್ನುತ್ತಾರೆ. ಕೊಳ್ಳುವಾಗ ಹೊಸ ವೀಣೆಯ ಹಾಗೆ ಹೊಳೆಯುತ್ತಿತ್ತು. ಹಿಡಿಯಿಂದ ತುದಿಯವರೆಗೆ ಅರಗಿನ ಪಾಲಿಶ್, ಪಾಲಿಶ್‌ನಲ್ಲೇ ಕಲಸಿದ ಕೆಂಪು. ಒಂದು ಮಳೆಗಾಲ ಕಳೆಯುವುದರೊಳಗೆ ಬಾರು ಬಾಗುವ ಕಡೆಯಲ್ಲೆಲ್ಲ ಕೂದಲೆಳೆಯಂಥ ಬಿರುಕು ಬಿಟ್ಟಿತು. ಕೆಂಪು ಸಿಪ್ಪೆಸಿಪ್ಪೆಯಾಗಿ ಎದ್ದು ಅಂಗೈಗೆ ಅಂಟಿತು. ಕೆಳಗಿದ್ದದ್ದು ಬಣ್ಣವೇ ಕಾಣದ ಒಣ ತೊಗಲು. ಹೆಣಿಗೆಯಾದರೋ ಅಚ್ಚುಕಟ್ಟು: ನಾಲ್ಕೆಳೆಯ ಜಡೆ, ಎಲ್ಲಿಯೂ ಸಡಿಲವಿಲ್ಲ. ಇಂಥ ಕೈಗೆಲಸವನ್ನು ಮೇಲಿನ ಲೇಪ ಕೆಡಿಸಿತಲ್ಲ ಎಂಬ ಸಂಕಟ ನನ್ನದು.

ಅರಗನ್ನು ನಾನು ದೂರುವುದಿಲ್ಲ. ಚನ್ನಪಟ್ಟಣದಲ್ಲಿ ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಹತ್ತಿಕೊಳ್ಳುತ್ತದೆ. ಬೊಂಬೆ ತಲೆಮಾರು ಕಳೆದರೂ ಮಾಸುವುದಿಲ್ಲ. ಏಕೆಂದರೆ ಮರ ಬಾಗುವುದಿಲ್ಲ. ಬಾರು ಹುಟ್ಟಿರುವುದೇ ಬಾಗುವುದಕ್ಕೆ. ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚಿದಾಗ ಸ್ಪಿರಿಟ್ ಹಾರಿಹೋಗಿ ಗಾಜಿನಂಥ ಪೊರೆ ಉಳಿಯುತ್ತದೆ. ಹಾರುವ ಮುನ್ನ ಸ್ಪಿರಿಟ್ ತೊಗಲಿನ ಜಿಡ್ಡನ್ನೂ ಕರಗಿಸಿ ಎಳೆಯುತ್ತದೆ. ತೇವ ತಗುಲಿದರೆ ಪೊರೆ ಬೆಳ್ಳಗಾಗುತ್ತದೆ. ಗಾಡಿ ಹೊಡೆಯುವವನಿಗೆ ಈ ಮೂರೂ ನಷ್ಟವೇ. ಒಳ್ಳೆಯ ಗಾಡಿಯವನ ಬಾರು ಎತ್ತಿನ ಬೆನ್ನಿಗೆ ತಾಗುವುದಿಲ್ಲ, ಗಾಳಿಯಲ್ಲಿ ಸದ್ದು ಮಾಡುತ್ತದೆ. ಆ ಸದ್ದಿಗೆ ಬೇಕಾದದ್ದು ಬಾರಿನ ಮೆತುವು. ಪೊರೆ ಕಟ್ಟಿ ಸೆಟೆದ ಬಾರು ಸದ್ದು ಮಾಡದು, ತಾಗಿದರೆ ಗೀರುತ್ತದೆ.

ಬಣ್ಣದ ವಿಷಯದಲ್ಲಂತೂ ನನ್ನ ತಕರಾರು ಇನ್ನೂ ಗಟ್ಟಿ. ಕೋಲಾರದ ಬಯಲಲ್ಲಿ ಹಳದಿ ಹೂ ಬಿಡುವ ತಂಗಡಿಯ ತೊಗಟೆಯಿಂದಲೇ ದಕ್ಷಿಣದವರು ಬಹುಕಾಲ ತೊಗಲು ಹದ ಮಾಡುತ್ತಿದ್ದರು. ಬಂಗಾರಪೇಟೆಯಿಂದ ಚೆನ್ನೈ ರೈಲು ಹಿಡಿದರೆ ಸಿಗುವ ವಾಣಿಯಂಬಾಡಿ, ಆಂಬೂರು ಈ ಕಸುಬಿಗೇ ಹೆಸರಾದ ಊರುಗಳು. ತೊಗಟೆಯಲ್ಲಿ ಹದವಾದ ತೊಗಲಿಗೆ ಕಬ್ಬಿಣದ ನೀರು ಸವರಿ ನೋಡಿ, ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಲ್ಲಿ ಕೊಳೆಹಾಕಿ ಕಾಳಹಸ್ತಿಯ ಕಲಂಕಾರಿಯವರು ಮಾಡಿಕೊಳ್ಳುವಂಥದ್ದು. ತೊಗಟೆಯ ಒಗರೂ ಕಬ್ಬಿಣವೂ ಕೂಡಿ ನೋಡನೋಡುತ್ತಲೇ ಕಪ್ಪು ಮೂಡುತ್ತದೆ. ತೊಗಲಿನೊಳಗೇ ಹುಟ್ಟಿದ ಈ ಬಣ್ಣ ಸಿಪ್ಪೆ ಏಳುವುದು ಹೇಗೆ? ಕ್ರೋಮ್‌ನಲ್ಲಿ ಹದಗೊಂಡ ತೊಗಲಿನಲ್ಲಿ ಮಾತ್ರ ಇದು ನಡೆಯದು. ಬಣ್ಣ ಮೇಲೆ ಬಳಿಯುವ ರೂಢಿಗೆ ಅದೂ ಒಂದು ಕಾರಣವಿರಬೇಕು.

ರಾಬರ್ಟ್‌ಸನ್‌ಪೇಟೆಯಿಂದ ಚಕ್ಕೆ ಅರಗು, ಸ್ಪಿರಿಟ್ ತಂದು ಬೇರೆರಡು ಬಾರುಕೋಲುಗಳ ಮೇಲೆ ನಾನೇ ಹಚ್ಚಿ ನೋಡಿದೆ. ಲೀಟರಿಗೆ 360 ಗ್ರಾಂ ಹಾಕಿದ ಗಟ್ಟಿ ಪಾಲಿಶ್ ಬಾರಿನ ಮೇಲೆ ವಾರದಲ್ಲೇ ಒಡೆಯಿತು. ಬಿದಿರಿನ ಹಿಡಿಗೆ 120 ಗ್ರಾಮಿನ ತೆಳು ಪಾಲಿಶ್ ಹಚ್ಚಿ, ಒಣಗಿಸಿ, ಉಜ್ಜಿ ಮತ್ತೆ ಹಚ್ಚಿದ್ದಕ್ಕೆ ಇವತ್ತಿಗೂ ಏನೂ ಆಗಿಲ್ಲ. ಬೆವರಿದ ಕೈಯಲ್ಲೂ ಹಿಡಿತ ಚೆನ್ನಾಗಿದೆ. ಆಸ್ಟ್ರೇಲಿಯಾದಲ್ಲಿ ಕಾಂಗರೂ ತೊಗಲಿನ ಚಾವಟಿ ಹೆಣೆಯುವವರೂ ಅರಗನ್ನು ಬಳಸಿದ್ದುಂಟು, ಅದೂ ತೆಳುವಾಗಿ. ಹಿಡಿಯೂ ಬಾರೂ ಕೂಡುವ ಗಂಟೊಂದೇ ಕಷ್ಟದ ಜಾಗ. ಅಲ್ಲಿ ಪಾಲಿಶ್‌ಗೆ ಕೆಲವು ಹನಿ ಹರಳೆಣ್ಣೆ ಬೆರೆಸಿದರೆ ಪೊರೆ ಅಷ್ಟು ಬೇಗ ಒಡೆಯುವುದಿಲ್ಲ. ಗಂಟಿನಿಂದಾಚೆಗೆ ಎಣ್ಣೆಯೊಂದೇ ಸಾಕು.

ಕೊನೆಗೆ ಆ ಕೆಂಪು ಬಾರುಕೋಲನ್ನೂ ಕೈಗೆತ್ತಿಕೊಂಡೆ. ಸ್ಪಿರಿಟ್ ಬಟ್ಟೆಯಲ್ಲಿ ಸಿಪ್ಪೆಯನ್ನೆಲ್ಲ ಒರೆಸಿ, ನೆರಳಲ್ಲಿ ಆರಿಸಿ, ಹರಳೆಣ್ಣೆ ಕುಡಿಸಿದೆ. ಮೂರು ಸಲ ಕುಡಿಯಿತು. ಹೆಣೆದವರ ಜಡೆ ಈಗ ಎಳೆಎಳೆಯಾಗಿ ಕಾಣುತ್ತಿದೆ.