ಬಿಟ್ಟುಹೋದ ‘ಅಪ್’

ಅಕ್ಕನ ಮಗಳು ಈ ವರ್ಷ ಹತ್ತನೇ ಕ್ಲಾಸು. ಜೂನ್ ಮೊದಲ ವಾರ ಭಟ್ಕಳದ ಹೆಬಳೆಗೆ ಹೋದಾಗ ಜಗಲಿಯ ಮೇಲೆ ಇಂಗ್ಲಿಷ್ ಗೈಡು ಬಿಡಿಸಿಕೊಂಡು ಕೂತಿದ್ದಳು. ‘ಚೇಂಜ್ ದ ವಾಯ್ಸ್’, ಅಂದರೆ ಕರ್ತರಿಯನ್ನು ಕರ್ಮಣಿ ಮಾಡುವ ಲೆಕ್ಕ. ಹತ್ತರಲ್ಲಿ ಏಳು ಸರಿ. ತಪ್ಪಿದ ಮೂರೂ ಒಂದೇ ಜಾತಿಯವು. ‘ದೇ ಶುಡ್ ಲುಕ್ ಇನ್ಟು ದ ಮ್ಯಾಟರ್’ ಎಂಬುದನ್ನು ‘ದ ಮ್ಯಾಟರ್ ಶುಡ್ ಬಿ ಲುಕ್ಡ್ ಬೈ ದೆಮ್’ ಮಾಡಿದ್ದಳು. ‘ವಿ ಕೆನಾಟ್ ಪುಟ್ ಆಫ್ ದ ಮೀಟಿಂಗ್’ ಹೋಗಿ ‘ದ ಮೀಟಿಂಗ್ ಕೆನಾಟ್ ಬಿ ಪುಟ್ ಬೈ ಅಸ್’ ಆಗಿತ್ತು. ಮೂರನೆಯದರಲ್ಲಿ ‘ಲಾಫ್ ಎಟ್’ ಇದ್ದದ್ದು ಬರೀ ‘ಲಾಫ್ಡ್’ ಆಗಿ ಉಳಿದಿತ್ತು.

‘ಶುಡ್’, ‘ಕೆನಾಟ್’ ಇದ್ದಲ್ಲೇ ಇವೆ. ‘ಬಿ’ ಬಂದಿದೆ, ಕ್ರಿಯಾಪದದ ಮೂರನೇ ರೂಪ ಬಂದಿದೆ, ‘ಬೈ’ ಕೂಡ ಬಂದಿದೆ. ಹೋದದ್ದು ‘ಇನ್ಟು’, ‘ಆಫ್’, ‘ಎಟ್’. “ಇವನ್ನು ಎಂತಕ್ಕೆ ಬಿಟ್ಟೆ?” ಎಂದೆ. “ಮಾವ, ಅದರ ಮುಂದೆ ಇದ್ದ ಹೆಸರೇ ಎದ್ದು ಹೋಯ್ತಲ್ಲ. ಇನ್ನು ಅದು ಯಾರಿಗೆ ಅಂಟಿಕೊಳ್ಳೂದು?”

ಇಷ್ಟು ಒಳ್ಳೆಯ ಉತ್ತರ ಯಾವ ಗೈಡಿನಲ್ಲೂ ಸಿಕ್ಕಿಲ್ಲ. ಕನ್ನಡ ವ್ಯಾಕರಣದಲ್ಲಿ ಅವಳು ಕಲಿತದ್ದು ಇದನ್ನೇ ಅಲ್ಲವೇ? ‘ರಾಮನು ಮರವನ್ನು ಕಡಿದನು’ ಎಂಬುದು ‘ರಾಮನಿಂದ ಮರವು ಕಡಿಯಲ್ಪಟ್ಟಿತು’ ಆಗುವಾಗ ಮರಕ್ಕೆ ಅಂಟಿದ್ದ ‘ಅನ್ನು’ ಕಳಚಿ ಬೀಳುತ್ತದೆ. ನಮ್ಮ ವಿಭಕ್ತಿ ಹೆಸರಿನ ಬಾಲ. ಹೆಸರು ಎದ್ದು ಮುಂದೆ ಹೋದ ಮೇಲೆ ಬಾಲವೊಂದೇ ಹಿಂದೆ ಕೂತಿರಲಾರದು. ಇತ್ತ ಇಂಗ್ಲಿಷ್ ಪಾಠದಲ್ಲಿ ‘ಇನ್’ ಎಂದರೆ ‘ಅಲ್ಲಿ’, ‘ಇನ್ಟು’ ಎಂದರೆ ‘ಒಳಕ್ಕೆ’ ಎಂದು ಒಂದನೇ ಕ್ಲಾಸಿನಿಂದಲೂ ಬಾಯಿಪಾಠ ಮಾಡಿಸಿದ್ದೇವೆ. ನಮ್ಮ ಸರ್ಕಾರಿ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ. ಇವಳೂ ಹಾಗೇ ಕಲಿತವಳು. ವಿಭಕ್ತಿ ಎಂದು ನಾವೇ ಹೇಳಿಕೊಟ್ಟದ್ದನ್ನು ವಿಭಕ್ತಿಯ ಹಾಗೆ ಕಳಚಿಟ್ಟಳು. ಅವಳ ತರ್ಕದಲ್ಲಿ ಲೋಪವಿಲ್ಲ, ನಾವು ಕೊಟ್ಟ ಸಲಕರಣೆಯಲ್ಲಿದೆ.

ಗೈಡುಗಳು ಈ ಪಾಠವನ್ನು ಮಾಡುವ ರೀತಿ ಮಗ್ಗಿಯದು. ಕ್ಯಾನ್ ಇದ್ದರೆ ಕ್ಯಾನ್ ಬಿ, ಮಸ್ಟ್ ಇದ್ದರೆ ಮಸ್ಟ್ ಬಿ, ಮುಂದೆ ವಿ-ತ್ರೀ, ಕೊನೆಗೆ ಬೈ. ಮಗ್ಗಿಯ ಬಗ್ಗೆ ನನಗೆ ತಕರಾರಿಲ್ಲ. ಏಳು ಮಾರ್ಕು ಕೊಡಿಸಿದ್ದು ಅದೇ. ಆದರೆ ಆ ಮಗ್ಗಿಯಲ್ಲಿ ಕ್ರಿಯಾಪದ ಎಂದರೆ ಯಾವಾಗಲೂ ಒಂದೇ ಪದ. ಎರಡು ಪದ ಸೇರಿ ಒಂದು ಕ್ರಿಯಾಪದ ಆಗಬಹುದು ಎಂಬುದಕ್ಕೆ ಅದರಲ್ಲಿ ಖಾನೆಯೇ ಇಲ್ಲ. ಫ್ರೇಸಲ್ ವರ್ಬುಗಳಿಗೆ ಬೇರೆ ಅಧ್ಯಾಯ, ಪ್ಯಾಸಿವ್‌ಗೆ ಬೇರೆ ಅಧ್ಯಾಯ, ಮೋಡಲ್‌ಗಳಿಗೆ ಮತ್ತೊಂದು. ಮೂರೂ ಒಂದೇ ವಾಕ್ಯದಲ್ಲಿ ಎದುರಾದಾಗ ಮಗು ಒಂಟಿ.

ಈ ಪದ್ಧತಿಯ ಮೂಲಪುರುಷ ಎಂದು ನಾವೆಲ್ಲ ಬೈಯುವುದು ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣವನ್ನು. ಪಿ. ಸಿ. ರೆನ್ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿ ದುಡಿದವರು. 1862ರಿಂದ 1956ರ ತನಕ ಉತ್ತರ ಕನ್ನಡವೂ ಅದೇ ಮುಂಬಯಿಯ ಸುಪರ್ದಿಯಲ್ಲಿತ್ತಾದ್ದರಿಂದ ಭಟ್ಕಳದವರಿಗೆ ಅವರು ಒಂದು ಲೆಕ್ಕದಲ್ಲಿ ನಮ್ಮ ಸರ್ಕಾರದವರೇ. 1930ರ ದಶಕದ ಆ ಪುಸ್ತಕದ ಮೇಲೆ ನನಗೂ ಸಿಟ್ಟಿತ್ತು. ಈಚೆಗೆ ತೆರೆದು ನೋಡಿ ಸ್ವಲ್ಪ ತಣ್ಣಗಾದೆ. ಕೆಲವು ಅಕರ್ಮಕ ಕ್ರಿಯಾಪದಗಳು ಪ್ರೆಪೊಸಿಷನ್ ಸೇರಿಸಿಕೊಂಡು ಸಕರ್ಮಕವಾಗುತ್ತವೆ ಎಂಬ ಮಾತು ಅದರಲ್ಲಿ ಸ್ಪಷ್ಟವಾಗಿಯೇ ಇದೆ. ಬೀಗದ ಕೈ ಅದೇ. ಅದನ್ನು ಬಿಟ್ಟು ಬೀಗವನ್ನಷ್ಟೇ ನಕಲು ಮಾಡಿಕೊಂಡವರು ನಂತರದ ಗೈಡಿನವರು.

ಇಂಗ್ಲಿಷರಿಗೂ ಇದು ಸುಲಭಕ್ಕೆ ಬಗೆಹರಿದ ಸಂಗತಿಯಲ್ಲ. ಪರದೇಶಿಯರಿಗೆ ಇಂಥ ಜೋಡಿ ಕ್ರಿಯಾಪದಗಳು ಕಷ್ಟ ಎಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲೇ ಒಪ್ಪಿಕೊಂಡಿದ್ದ. ‘ಫ್ರೇಸಲ್ ವರ್ಬ್’ ಎಂಬ ಹೆಸರು ಚಾಲ್ತಿಗೆ ಬಂದದ್ದಂತೂ 1925ರಲ್ಲಿ, ಲೋಗನ್ ಪಿಯರ್ಸಾಲ್ ಸ್ಮಿತ್ ಬರೆದ ಪುಸ್ತಕದಿಂದ. ‘ಪುಟ್ ಆಫ್’ ಬೇರೆ, ‘ಲಾಫ್ ಎಟ್’ ಬೇರೆ ಎಂದು ಪಂಡಿತರು ಒಳಗೆ ಇನ್ನೂ ಗೆರೆ ಎಳೆಯುತ್ತಾರೆ. ಪ್ಯಾಸಿವ್‌ನಲ್ಲಿ ಎರಡರ ನಡತೆಯೂ ಒಂದೇ ಆದ್ದರಿಂದ ನಮಗೆ ಆ ಗೆರೆ ಬೇಡ.

ಬೇಕಾದದ್ದು ಕನ್ನಡದಲ್ಲೇ ಬಿದ್ದಿದೆ. ‘ಪುಟ್ ಆಫ್’ಗೆ ನಾವು ‘ಮುಂದೂಡು’ ಎನ್ನುತ್ತೇವೆ. ಹೇಗೆ ತಿರುಗಿಸಿದರೂ ಅದರ ತಲೆಯಲ್ಲಿರುವ ‘ಮುಂದೆ’ ಉದುರುವುದಿಲ್ಲ: ಮುಂದೂಡಬೇಕು, ಮುಂದೂಡಬಹುದು, ಮುಂದೂಡಲಾಗದು. ‘ಸಭೆಯನ್ನು ದೂಡಬೇಕು’ ಎಂದರೆ ಕೂತವರು ಕುರ್ಚಿ ಹಿಡಿದುಕೊಂಡಾರು. ಇದಕ್ಕಿಂತ ಚಂದದ್ದು ದಿನಪತ್ರಿಕೆಯಲ್ಲಿದೆ: ‘ಮಳೆ ಹೆಚ್ಚುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ’. ಇಂಗ್ಲಿಷಿನ ‘ಕೆನಾಟ್ ಬಿ ರೂಲ್ಡ್ ಔಟ್’ಗೆ ಇಷ್ಟು ಸರಿಯಾದ ಜೋಡಿ ಹುಡುಕಿದರೂ ಸಿಗದು. ತಳ್ಳು, ಹಾಕು ಎಂಬ ಎರಡು ಕ್ರಿಯೆ ಕೂಡಿ ಒಂದಾಗಿದೆ, ‘ಅಂತಿಲ್ಲ’ ಎಂಬುದು ಮೋಡಲ್‌ನ ಕೆಲಸ ಮಾಡುತ್ತಿದೆ, ತಳ್ಳುವವರು ಯಾರೆಂದು ಯಾರೂ ಕೇಳುತ್ತಿಲ್ಲ. ಇದರಿಂದ ‘ಹಾಕು’ ತೆಗೆದರೆ ಏನಾಗುತ್ತದೋ ಅದರಿಂದ ‘ಔಟ್’ ತೆಗೆದರೂ ಅದೇ. ‘ಕೆನಾಟ್ ಬಿ ರೂಲ್ಡ್’ ಎಂದರೆ ಆಳಲಾಗದ್ದು ಎಂದಾಯಿತು. ಮಳೆಯನ್ನು ಆಳಿದವರು ನಮ್ಮ ಕರಾವಳಿಯಲ್ಲಂತೂ ಇಲ್ಲ.

ಆದರೆ ಕ್ಲಾಸಿನಲ್ಲಿ ಇಂಗ್ಲಿಷ್ ಪ್ಯಾಸಿವ್‌ಗೆ ಎದುರಾಗಿ ಇಡುವುದು ‘ಅಲ್ಪಡು’ವನ್ನು. ‘ಎ ಸಾಂಗ್ ಕ್ಯಾನ್ ಬಿ ಸಂಗ್ ಬೈ ಮಿ’ ಎಂದು ಬರೆಸಿ, ‘ನನ್ನಿಂದ ಹಾಡು ಹಾಡಲ್ಪಡಬಹುದು’ ಎಂದು ಅರ್ಥ ಹೇಳುತ್ತಾರೆ. ಆ ಇಂಗ್ಲಿಷನ್ನು ಇಂಗ್ಲಿಷರು ಆಡುವುದಿಲ್ಲ, ಈ ಕನ್ನಡವನ್ನು ಹೆಬಳೆಯಲ್ಲಿ ಯಾರೂ ಆಡುವುದಿಲ್ಲ. ಎರಡೂ ಕಡೆ ಇಲ್ಲದ ಎರಡು ವಾಕ್ಯಗಳನ್ನು ಒಂದಕ್ಕೊಂದು ಗಂಟು ಹಾಕಿ ಮಗುವಿನ ಕೈಗೆ ಕೊಡುತ್ತೇವೆ. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಡಿ. ಎನ್. ಶಂಕರ ಭಟ್ಟರು ಪುಸ್ತಕಕ್ಕೇ ಹೆಸರಿಟ್ಟರು. ಅವರ ಎಲ್ಲ ಮಾತಿಗೂ ನಾನು ಒಪ್ಪುವವನಲ್ಲವಾದರೂ, ಇಂಗ್ಲಿಷ್ ಕಲಿಸುವವರಿಗೂ ಆ ವ್ಯಾಕರಣ ಬೇಕು ಎಂಬುದು ಈ ಜಗಲಿಯಲ್ಲಿ ಕೂತಾಗ ಹೊಳೆಯಿತು. ತಮಾಷೆಯೆಂದರೆ ‘ನನ್ನಿಂದ’ ಎಂಬುದು ನಮ್ಮಲ್ಲಿ ಸಹಜವಾಗಿ ಬರುವ ಜಾಗ ಬೇರೆಯೇ ಇದೆ: ‘ಈ ಮೂಟೆ ನನ್ನಿಂದ ಎತ್ತಲಿಕ್ಕೆ ಆಗೂದಿಲ್ಲ.’ ಅಲ್ಲಿ ಇಂಗ್ಲಿಷಿನವನು ಸುಮ್ಮನೆ ‘ಐ ಕಾಂಟ್’ ಎನ್ನುತ್ತಾನೆ.

ಗೈಡುಗಳು ಹೇಳದ ಇನ್ನೊಂದು ಸಂಗತಿಯಿದೆ. ಪ್ಯಾಸಿವ್‌ನಲ್ಲಿ ಫ್ರೇಸಲ್ ವರ್ಬ್ ನಿಜವಾಗಿ ಹಗುರ. ಕರ್ತರಿಯಲ್ಲಿ ‘ಸ್ವಿಚ್ ಆಫ್ ಇಟ್’ ಎಂದರೆ ತಪ್ಪು, ‘ಸ್ವಿಚ್ ಇಟ್ ಆಫ್’ ಎಂದು ನಡುವೆ ತೂರಿಸಬೇಕು. ಯಾವುದು ಬಿಡಿಸಿಕೊಳ್ಳುತ್ತದೆ, ಯಾವುದು ಇಲ್ಲ ಎಂಬುದೇ ತಲೆನೋವು. ‘ಮಸ್ಟ್ ಬಿ ಸ್ವಿಚ್ಡ್ ಆಫ್’ನಲ್ಲಿ ಆ ಕಾಟವಿಲ್ಲ, ಬೇರೆಯಾಗಿದ್ದ ಎರಡೂ ಮತ್ತೆ ಒತ್ತಿಕೊಂಡು ಕೂರುತ್ತವೆ. ‘ಗ್ರೋ ಅಪ್’ ಥರದವಕ್ಕೆ ಕರ್ಮವೇ ಇಲ್ಲದ್ದರಿಂದ ಈ ಗೊಡವೆಯೂ ಇಲ್ಲ.

ಸಂಜೆ ತೆಂಗಿನಗುಂಡಿಯ ಕಡೆ ಹೋದೆವು. ಜೂನ್ ಒಂದರಿಂದ ಜುಲೈ ಮೂವತ್ತೊಂದರ ತನಕ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅವು ಸಾಲಾಗಿ ಹಗ್ಗ ಕಟ್ಟಿಸಿಕೊಂಡು ನಿಂತಿದ್ದವು. ಈಚೆ ಮರಳಿನಲ್ಲಿ ಒಂದು ನಾಡದೋಣಿ. ಅಲೆ ಏಳುತ್ತಿದ್ದುದರಿಂದ ಏಳೆಂಟು ಜನ ಅದನ್ನು ಮೇಲಕ್ಕೆ ತರುತ್ತಿದ್ದರು. ಅಡಿಗೆ ಮರದ ತುಂಡು ಕೊಡುವವನೊಬ್ಬ, ಕೂಗು ಹಾಕುವವನೊಬ್ಬ, ಉಳಿದವರ ಭುಜ ಅಂಚಿಗೆ. ದೋಣಿ ಒಂದು ಮೊಳ ಏರುತ್ತಿತ್ತು, ಮತ್ತೆ ಅರ್ಧ ಮೊಳ ಜಾರುತ್ತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಮುದುಕರೊಬ್ಬರು “ಮೇಲೆ ಎಳೆದಾಯ್ತಾ?” ಎಂದು ಕೇಳಿದರು. ಯಾರು ಎಳೆದರು ಎಂಬುದು ಆ ಪ್ರಶ್ನೆಯಲ್ಲಿ ಎಲ್ಲೂ ಇಲ್ಲ. ‘ಮೇಲೆ’ ಮಾತ್ರ ಇದೆ.

“ಇದನ್ನ ಇಂಗ್ಲಿಷಲ್ಲಿ ಹೇಳು ನೋಡುವಾ. ದೋಣಿ ಮೇಲೆ ಎಳೀಬೇಕು.”

“ದ ಬೋಟ್ ಮಸ್ಟ್ ಬಿ ಪುಲ್ಡ್...” ಎಂದವಳು ನಿಂತಳು. ಮತ್ತೆ ದೋಣಿ ನೋಡಿದಳು, ಅದು ಜಾರುತ್ತಿತ್ತು. “ಅಪ್,” ಎಂದಳು. “ಅಪ್ ಬಿಟ್ರೆ ಕಡಲಿಗೆ ಎಳೆದ್ರೂ ಆಯ್ತಲ್ಲ!”

ಎಳೆಯುವವರು ಕಣ್ಣೆದುರೇ ಇದ್ದರೂ ಅವಳು ‘ಬೈ’ ಹಾಕಲಿಲ್ಲ, ಅದನ್ನು ಗಮನಿಸಿದೆ. ‘ಬೇಕು’ ಎಂಬುದಕ್ಕೆ ಕರ್ತೃ ಕಡ್ಡಾಯವಲ್ಲ ಎಂಬುದನ್ನು ಕನ್ನಡದ ಮಗುವಿಗೆ ಯಾರೂ ಕಲಿಸಬೇಕಾಗಿಲ್ಲ. ಇಂಗ್ಲಿಷಿನ ‘ಮಸ್ಟ್ ಬಿ’ ಇರುವುದೂ ಬಹುಪಾಲು ಅದಕ್ಕೇ, ಮಾಡುವವರನ್ನು ಹೇಳದೆ ಆಗಬೇಕಾದ್ದನ್ನು ಹೇಳಲಿಕ್ಕೆ. ಕಚೇರಿಗಳಿಗಂತೂ ಈ ಗುಟ್ಟು ನಮಗಿಂತ ಚೆನ್ನಾಗಿ ಗೊತ್ತು. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ಉತ್ತರ ಹಿಡಿದು ನಾನೂ ಒಮ್ಮೆ ಎರಡು ಮಳೆಗಾಲ ಕಾದಿದ್ದೇನೆ. ಕೈಗೊಳ್ಳುವ ಕೈ ಯಾರದು ಎಂದು ಆ ವಾಕ್ಯ ಕೊನೆಗೂ ಬಾಯಿ ಬಿಡಲಿಲ್ಲ.

ಮನೆಗೆ ಬಂದು ತಪ್ಪಿದ ಮೂರನ್ನೂ ತಾನೇ ತಿದ್ದಿದಳು. ‘ದ ಮ್ಯಾಟರ್ ಶುಡ್ ಬಿ ಲುಕ್ಡ್ ಇನ್ಟು’ ಎಂದು ಬರೆದು ಫುಲ್‌ಸ್ಟಾಪ್ ಇಟ್ಟು, ವಾಕ್ಯ ಬಾಗಿಲಲ್ಲೇ ನಿಂತ ಹಾಗೆ ಕಾಣುತ್ತದೆ ಎಂದಳು. ಆಮೇಲೆ ಗೈಡಿನ ಹಿಂದಿನ ಪುಟದ ಉತ್ತರ ತಾಳೆ ನೋಡಿದಳು. ಅಲ್ಲಿ ‘ಇನ್ಟು ಬೈ ದೆಮ್’ ಎಂದಿತ್ತು.

“ಮಾವ, ಬೈ ದೆಮ್ ಬರೀದಿದ್ರೆ ಅರ್ಧ ಮಾರ್ಕು ಹೋಗ್ತದಾ?”

ಹೋಗಬಹುದು. ಬರಿ ಎಂದೆ.