ಚಿಕವೀರನ ಕಥೆ ಎಲ್ಲಿ ಶುರುವಾಗಬೇಕಿತ್ತು?

ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನು ನಾವೆಲ್ಲ ಒಬ್ಬ ಕೆಟ್ಟ ದೊರೆಯ ಪತನದ ಕಥೆಯಾಗಿಯೇ ಓದಿಕೊಂಡು ಬಂದಿದ್ದೇವೆ. ಕುಡಿತ, ಕ್ರೌರ್ಯ, ಕುಂಟ ಬಸವನ ಸಹವಾಸ. ಕೊನೆಗೆ 1834ರಲ್ಲಿ ಇಂಗ್ಲಿಷರು ಬಂದು ಕೊಡಗನ್ನು ನುಂಗಿದರು. ಇಂದಿರಾಪುರಂನ ನಮ್ಮ ಮನೆಯಲ್ಲಿ ಕೂತು ಈಚೆಗೆ ಮತ್ತೆ ಓದಿದಾಗ, ಕಾದಂಬರಿ ಬಹಳ ತಡವಾಗಿ ಶುರುವಾಗುತ್ತದೆ ಅನ್ನಿಸಿತು.

ಬೇರು ಇರುವುದು 1790ರ ಒಪ್ಪಂದದಲ್ಲಿ. ಆಗ ಟಿಪ್ಪುವಿನ ಮೇಲೆ ಹೋಗಲು ಕಂಪನಿಗೆ ಕೊಡಗಿನ ಘಟ್ಟದ ದಾರಿ ಬೇಕಿತ್ತು, ದವಸ ಬೇಕಿತ್ತು. ದೊಡ್ಡವೀರ ರಾಜೇಂದ್ರ ಸ್ನೇಹಿತನಾದ. ಯುದ್ಧ ಮುಗಿದ ಮೇಲೆ ಆ ಸ್ನೇಹಿತ ವರ್ಷಕ್ಕೆ 24,000 ರೂಪಾಯಿ ಪೊಗದಿ ಕಟ್ಟುವವನಾದ. 1799ರಲ್ಲಿ ಟಿಪ್ಪು ಸತ್ತ ನಂತರ ಹಣ ಬಿಟ್ಟು, ವರ್ಷಕ್ಕೊಂದು ಆನೆ ಸಾಕು ಎಂದರು. ಇದು ಔದಾರ್ಯವೇ? ದೊಡ್ಡ ಗಿರಾಕಿಯನ್ನು ನಂಬಿ ಪ್ರಾಜೆಕ್ಟ್ ನಡೆಸಿದವರಿಗೆ ಗೊತ್ತು, ನಮ್ಮ ಅಗತ್ಯ ತೀರಿದ ಮೇಲೆ ಬರುವ ಮೃದು ಮಾತಿನ ಅರ್ಥವೇನೆಂದು.

ಚಿಕವೀರನಿಗೆ ಸಿಕ್ಕಿದ್ದು ಈ ಸವೆದ ಸ್ನೇಹ. ಓಡಿಹೋದ ತಂಗಿ ದೇವಮ್ಮಾಜಿಯನ್ನೂ ಅವಳ ಗಂಡ ಚೆನ್ನಬಸವನನ್ನೂ ಒಪ್ಪಿಸಿ ಎಂದು ಅವನು ಹಟ ಹಿಡಿದ, ಕಂಪನಿ ಒಪ್ಪಲಿಲ್ಲ. ಅದರ ದೂತ ಕರಣಿಕರ ಮೆನನ್‌ನನ್ನು ಅವನು ತಡೆದಿಟ್ಟುಕೊಂಡ. ಬುದ್ಧಿಗೇಡಿತನವೇ, ಸರಿ. ಆದರೆ ಸರೀಕರ ನಡುವೆ ಇಂಥದ್ದು ಮಾತುಕತೆಯಲ್ಲಿ ಮುಗಿಯಬಹುದಿತ್ತು. ಇಲ್ಲಿ ದಂಡು ಬಂತು.

ರಾಜನಿಗೆ ನಿಷ್ಠೆಯೋ ನಾಡಿಗೋ ಎಂದು ಒದ್ದಾಡುವ ಬೋಪಣ್ಣನಲ್ಲಿ ಮಾಸ್ತಿ ಪೂರ್ತಿ ಗೆಲ್ಲುತ್ತಾರೆ. ಕನ್ನಡದಲ್ಲಿ ಮಂತ್ರಿಯೊಬ್ಬನ ಧರ್ಮಸಂಕಟವನ್ನು ಇಷ್ಟು ತಾಳ್ಮೆಯಿಂದ ಬರೆದ ಕಾದಂಬರಿಗಳು ಕಡಿಮೆ. ನನ್ನ ತಕರಾರು ಕಾದಂಬರಿಯ ತಕ್ಕಡಿಯ ಬಗ್ಗೆ. ರಾಜನ ದುರ್ನಡತೆಗೆ ಅದು ಕೊಡುವ ತೂಕ, 1834ರ ಮೇ ತಿಂಗಳಲ್ಲಿ ಕಂಪನಿ ಹೊರಡಿಸಿದ ಘೋಷಣೆಯ ವಾದಕ್ಕೆ ತೀರಾ ಹತ್ತಿರ ಬರುತ್ತದೆ. ಜನರೆಲ್ಲರ ಒಮ್ಮತದ ಇಚ್ಛೆಯಂತೆ ಕೊಡಗನ್ನು ತೆಗೆದುಕೊಂಡೆವು ಎಂದಿತು ಆ ಘೋಷಣೆ. ದುರಾಡಳಿತದ ಹೆಸರಿನಲ್ಲೇ 1831ರಲ್ಲಿ ಮೈಸೂರನ್ನೂ ವಹಿಸಿಕೊಂಡಿದ್ದರು. ಅದನ್ನು 1881ರಲ್ಲಿ ಒಡೆಯರ ಮನೆತನಕ್ಕೆ ಹಿಂದಿರುಗಿಸಿದರು. ಕೊಡಗು ಹಿಂದಿರುಗಲೇ ಇಲ್ಲ. ಮೈಸೂರು ಸರ್ಕಾರದ ದೊಡ್ಡ ಹುದ್ದೆಗಳಲ್ಲಿದ್ದ ಮಾಸ್ತಿಯವರಿಗೆ ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಕಷ್ಟವಿರಲಿಲ್ಲ.

ಪದಚ್ಯುತನಾದ ರಾಜ ಕಾಶಿಯಲ್ಲಿದ್ದು, 1852ರಲ್ಲಿ ಲಂಡನ್ನಿಗೆ ಹೋದ. ಮಗಳು ಗೌರಮ್ಮನಿಗೆ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾದಳು. ಕಂಪನಿಯ ಸಾಲಪತ್ರಗಳಲ್ಲಿದ್ದ ತನ್ನ ಹಣಕ್ಕಾಗಿ ಅವನು ಅಲ್ಲಿನ ನ್ಯಾಯಾಲಯದಲ್ಲಿ ಕಂಪನಿಯ ಮೇಲೆ ದಾವೆ ಹೂಡಿದ. ವಶಪಡಿಸಿಕೊಂಡದ್ದು ರಾಜ್ಯಾಧಿಕಾರದ ಕ್ರಮ, ಅದನ್ನು ಕೋರ್ಟು ವಿಚಾರಿಸುವಂತಿಲ್ಲ ಎಂದು ತೀರ್ಪು ಬಂದದ್ದು 1860ರಲ್ಲಿ. ಅಷ್ಟರಲ್ಲಿ ಅವನು ತೀರಿಕೊಂಡಿದ್ದ.